ಭೀಮೆಯಾಚೆಯ ಒಂದು ಪಾಠಶಾಲೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಉಪಾಧ್ಯಾಯ ವೃತ್ತಿಯಲ್ಲಿದ್ದು ವಿಶ್ರಾಂತರಾದ ನಮಗೆ ಪರೀಕ್ಷಾ ಫಲಿತಾಂಶವೆಂದರೆ ಇಂದಿಗೂ ಎದೆಯೊಳಗೆ ಸಣ್ಣದೊಂದು ಕಂಪವುಂಟಾಗುವುದು. 2024ನೆಯ ಇಸವಿಯ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದಾಗ ಜಿಲ್ಲೆಗಳ ಪಟ್ಟಿಯಲ್ಲಿ ಉಡುಪಿಯು ಶೇಕಡ 94 ಪಡೆದು ಅಗ್ರಸ್ಥಾನದಲ್ಲಿಯೂ, ಯಾದಗಿರಿಯು ಶೇಕಡ 50.59ರೊಡನೆ ಕಟ್ಟಕಡೆಯಲ್ಲಿಯೂ ಇದ್ದುವು. ಮೈಸೂರಿನ ನಮ್ಮ ಜಗಲಿಯಲ್ಲಿ ಕುಳಿತಿದ್ದ ಮಿತ್ರರೊಬ್ಬರು ಪತ್ರಿಕೆಯನ್ನು ಮಡಿಸುತ್ತ, “ಆ ಕಡೆಯ ಮಕ್ಕಳಿಗೆ ವಿದ್ಯೆಯಲ್ಲಿ ಆಸಕ್ತಿಯೇ ಇಲ್ಲ, ಮೇಷ್ಟ್ರೇ” ಎಂದು ತೀರ್ಪಿತ್ತರು. ನಮ್ಮ ಹಳೆಯ ಶಿಷ್ಯನೊಬ್ಬನು ಆ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಿದ್ದಾನೆ. ಬಹುಕಾಲದಿಂದ ಕರೆಯುತ್ತಲೇ ಇದ್ದನು. ಜೂನ್ ಮೊದಲಲ್ಲಿ ಹೊರಟೇಬಿಟ್ಟೆವು.

ಬೆಂಗಳೂರಿನಿಂದ ರಾತ್ರಿಯ ರೈಲು. ರಾಯಚೂರು ಕಳೆದು ಕೃಷ್ಣೆಯ ಸೇತುವೆಯ ಮೇಲೆ ಗಾಡಿಯು ಗಡಗಡಿಸಿದಾಗ ಎಚ್ಚರವಾಯಿತು. ಯಾದಗಿರಿಯಲ್ಲಿಳಿದು, ಬೆಟ್ಟದ ಮೇಲಣ ಕೋಟೆಯನ್ನು ಕೆಳಗಿನಿಂದಲೇ ನೋಡಿ, ಬಸ್ಸನ್ನೇರಿದೆವು. ಭೀಮಾನದಿಯಲ್ಲಿ ನೀರು ಸಣ್ಣಗೆ ಹರಿಯುತ್ತಿದ್ದಿತು. ಶಹಾಪುರದ ಬಳಿಯ ಗುಡ್ಡವನ್ನು ದೂರದಿಂದ ನೋಡಿದರೆ ಬುದ್ಧನು ಮಲಗಿರುವಂತೆ ಕಾಣುವುದೆಂದು ಜನರು ಹೇಳುವರು; ನಮಗೂ ಹಾಗೆಯೇ ಕಂಡಿತು. ನಾರಾಯಣಪುರ ಜಲಾಶಯದ ಕಾಲುವೆ ಮುಟ್ಟಿದ ಊರುಗಳಲ್ಲಿ ಬತ್ತದ ಗದ್ದೆ. ಮುಟ್ಟದ ಊರುಗಳಲ್ಲಿ ಮಳೆಗಾಗಿ ಬಾಯ್ದೆರೆದ ಎರೆಭೂಮಿ. ನಮ್ಮ ಶಿಷ್ಯನ ಊರು ಎರಡನೆಯ ಬಗೆಯದು.

“ಗುರುಗಳೇ, ಮೊದಲು ಇದನ್ನು ನೋಡಿ” ಎಂದು ಅವನು ನಮ್ಮ ಕೈಗಿತ್ತುದು ಅಂಕಪಟ್ಟಿಯಲ್ಲ, ಹಾಜರಿ ಪುಸ್ತಕ. ಸುಗ್ಗಿ ಮುಗಿಯುತ್ತಲೇ ಹಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಆರಂಭವಾಗುವುದು. ತಂದೆತಾಯಿಗಳು ಗುಳೆ ಹೋಗುವರು, ಬೆಂಗಳೂರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ. ಚಿಕ್ಕ ಮಗುವನ್ನು ನೋಡಿಕೊಳ್ಳಲೆಂದು ದೊಡ್ಡ ಮಗಳೂ ಜೊತೆಗೆ. ಪರೀಕ್ಷೆಯು ಮಾರ್ಚಿಯಲ್ಲಿ. ಬೇಸಾಯದ ಪಂಚಾಂಗವೂ ಪರೀಕ್ಷಾ ಮಂಡಲಿಯ ಪಂಚಾಂಗವೂ ಒಂದನ್ನೊಂದು ನೋಡಿದಂತಿಲ್ಲ. ಇಂಗ್ಲಿಷಿಗೆ ಇದ್ದವರು ಅತಿಥಿ ಶಿಕ್ಷಕರು. ಅವರೂ ಬಂದದ್ದು ತಡವಾಗಿ. 1948ರವರೆಗೆ ಈ ಸೀಮೆಯು ನಿಜಾಮರ ರಾಜ್ಯದಲ್ಲಿದ್ದು, ಉನ್ನತ ಶಿಕ್ಷಣವೆಲ್ಲ ಉರ್ದುವಿನಲ್ಲಿ ನಡೆದುದನ್ನು ನೆನೆದರೆ, ಇಲ್ಲಿಯ ಓಟವು ಬಹು ಹಿಂದಿನ ಗೆರೆಯಿಂದ ಆರಂಭವಾದುದೆಂಬುದು ತಿಳಿಯುವುದು.

ಆ ವರ್ಷದ ವಿಶೇಷವೊಂದನ್ನು ಓದುಗರಿಗೆ ಹೇಳಬೇಕು. ಪರೀಕ್ಷಾ ಕೊಠಡಿಗಳಲ್ಲೆಲ್ಲ ಕ್ಯಾಮರಾಗಳನ್ನಿಟ್ಟು, ಅಲ್ಲಿ ನಡೆಯುವುದನ್ನು ಅಧಿಕಾರಿಗಳು ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಎಂಬ ಏರ್ಪಾಡು ಮೊದಲಾದುದು 2024ರಲ್ಲಿ. 2023ರಲ್ಲಿ ರಾಜ್ಯದಲ್ಲಿ ತೇರ್ಗಡೆಯಾದವರು ಶೇಕಡ 83.89; ಕ್ಯಾಮರಾ ಬಂದ ವರ್ಷ 73.40. ಅದೂ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೇರಿಸಿದ ಮೇಲೆ! ಮರುವರ್ಷ ಆ ಕೃಪೆಯೂ ಇಲ್ಲವಾಗಿ ಮೊದಲ ಪರೀಕ್ಷೆಯಲ್ಲಿ 62.34ಕ್ಕಿಳಿಯಿತು. ಮಕ್ಕಳ ಬುದ್ಧಿ ಇದ್ದಕ್ಕಿದ್ದಂತೆ ಕುಂದಿತೇ? ಮೊದಲಿನಿಂದ ಇದ್ದುದು ಈಗ ಕಣ್ಣಿಗೆ ಬಿದ್ದಿತು, ಅಷ್ಟೆ. ಆದರೆ ಹಿಂದಿನ ಸುಳ್ಳಿನಲ್ಲಿ ಭಾಗವಿಲ್ಲದ ಹುಡುಗರೇ ಅದರ ಲೆಕ್ಕವನ್ನು ತೀರಿಸಬೇಕಾಯಿತು. “ಕಾರಣ ಕೇಳಿ ನೋಟೀಸು ಬಂದಿದೆ ಗುರುಗಳೇ” ಎಂದು ಶಿಷ್ಯನು ನಕ್ಕನು. ನಗುವಿನಲ್ಲಿ ಬಲವಿರಲಿಲ್ಲ.

ನಮ್ಮಿಂದ ಸಮಾಧಾನದ ಮಾತನ್ನು ಅವನು ನಿರೀಕ್ಷಿಸುತ್ತಿದ್ದನೋ ಏನೋ. ಆದರೆ ನಮ್ಮ ಬಾಯಿ ಕಟ್ಟಿತ್ತು. ನಾವು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ ಹಲವು ವರ್ಷ ನೂರಕ್ಕೆ ನೂರು ಫಲಿತಾಂಶ. ಹಾರ ತುರಾಯಿಗಳೂ ಬಂದಿದ್ದುವು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದೆ ಬಿದ್ದವರ ಪೋಷಕರನ್ನು ಕರೆಸಿ, “ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿರಿ” ಎಂದು ಮೃದುವಾಗಿಯೇ ಹೇಳುತ್ತಿದ್ದೆವು. ಹಾಗೆ ಹೋದ ಹುಡುಗನೊಬ್ಬನು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಲೇ ಇಲ್ಲ. ಈಗ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ನಮ್ಮನ್ನು ಕಂಡರೆ ಹೊರೆಯನ್ನಿಳಿಸಿ ಕೈಮುಗಿಯುತ್ತಾನೆ. ಇನ್ನು ನಮ್ಮ ಸಂಸ್ಕೃತದ ವಿಷಯ. ಪ್ರಥಮಭಾಷೆಯಾಗಿ ಅದಕ್ಕೆ 125 ಅಂಕಗಳು. ಉತ್ತರಗಳನ್ನು ಬಹುಮಟ್ಟಿಗೆ ಕನ್ನಡದಲ್ಲಿಯೇ ಬರೆಯಬಹುದು. ರಾಮಶಬ್ದವನ್ನು ತಡವರಿಸದೆ ಹೇಳಲಾರದವರೂ ಪೂರ್ಣಾಂಕ ಪಡೆದುದನ್ನು ಕಂಡು ನಾವು ಹಿಗ್ಗಿದ್ದುಂಟು. ಇದನ್ನೆಲ್ಲ ಶಿಷ್ಯನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಸಂಜೆ ಅವನೊಡನೆ ಒಬ್ಬ ಹುಡುಗಿಯ ಮನೆಗೆ ಹೋದೆವು. ಗಣಿತ, ಇಂಗ್ಲಿಷು ಎರಡರಲ್ಲಿಯೂ ನಪಾಸಾದವಳು, ಬೆಂಗಳೂರಿನಲ್ಲಿದ್ದಳು. ಆ ವರ್ಷದಿಂದ ಮೂರು ಪರೀಕ್ಷೆಗಳ ಅವಕಾಶವಾಗಿದ್ದು, ಎರಡನೆಯದು ಕೆಲವೇ ದಿನಗಳಲ್ಲಿದ್ದಿತು. ಶಿಷ್ಯನು ಅವಳ ತಂದೆಗೆ ಫೋನು ಮಾಡಿದನು. “ಇನ್ನ ಒಂದು ಸ್ಲ್ಯಾಬ್ ಅದರೀ ಸರ್, ಮುಗಿಸಿ ಕರ್ಕೊಂಡ್ ಬರ್ತೀನ್ರೀ” ಎಂದಿತು ಆ ಕಡೆಯ ಧ್ವನಿ. ಅಜ್ಜಿಯು ನಮಗೆ ಜೋಳದ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಡಿಸಿ, ಮೆಲ್ಲಗೆ ಕೇಳಿದಳು: “ಈ ಸರ್ತಿನೂ ಆ ಕ್ಯಾಮರಾ ಇಡ್ತಾರೇನ್ರೀ?”

“ಇಡ್ತಾರ. ಇಡ್ಲಿ ಬಿಡು ಆಯಿ, ಆಕಿಗಿ ಲೆಕ್ಕ ಬರ್ತದ” ಎಂದನು ಮೈಸೂರಿನಲ್ಲಿ ಹುಟ್ಟಿದ ನಮ್ಮ ಶಿಷ್ಯ.

ನಾವು ಊರಿಗೆ ಮರಳಿದೆವು. ಜುಲೈಯಲ್ಲಿ ಅವನ ಫೋನು ಬಂದಿತು. ಹುಡುಗಿಯು ಪರೀಕ್ಷೆಯ ಮುನ್ನಾದಿನ ರಾತ್ರಿಯ ಬಸ್ಸಿನಲ್ಲಿ ಬಂದು ಕುಳಿತಿದ್ದಳಂತೆ. ಗಣಿತದಲ್ಲಿ ಪಾಸು, ಇಂಗ್ಲಿಷು ಉಳಿದಿದೆ. ಆಗಸ್ಟಿನಲ್ಲಿ ಅದನ್ನು ಬರೆಯುವಳು. ತಂದೆಯು ಕೆಲಸಕ್ಕೆ ಹಿಂದಿರುಗಿದನಾದರೂ ಅವಳನ್ನು ಅಜ್ಜಿಯ ಬಳಿಯಲ್ಲಿಯೇ ಬಿಟ್ಟುಹೋಗಿರುವನು.