ಮಾಲೇಕಲ್ಲಿಗೆ 81 ಚಿಹ್ನೆ!

ನನ್ನ ವೆಬ್‌ಸೈಟಿನಲ್ಲಿ ಮಾಲೇಕಲ್ಲು ತಿರುಪತಿ ಬೆಟ್ಟದ ಫೋಟೋಗಳಿಗೊಂದು ಪುಟವಿದೆ. ವಿಳಾಸದಲ್ಲಿ ಊರಿನ ಹೆಸರು ಕನ್ನಡದಲ್ಲೇ ಇರಲಿ ಅನ್ನೋದು ನನ್ನ ಹಟ. ಆದರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ‘ಮ’ಕ್ಕೆ ಒಂಬತ್ತು ಚಿಹ್ನೆ, ಅದರ ದೀರ್ಘಕ್ಕೆ ಇನ್ನೊಂಬತ್ತು, ಹೀಗೆ ‘ಮಾಲೇಕಲ್ಲು’ ಒಂದೇ ಪದ 81 ಚಿಹ್ನೆಯ ಬಾಲವಾಗುತ್ತೆ! ಅಮ್ಮ ಯಾವುದೋ ಮೋಸದ ಲಿಂಕ್ ಅಂತ ಮುಟ್ಟಲೇ ಇಲ್ಲ.

ಲಿಂಕ್ ಚಿಕ್ಕದು ಮಾಡಿಕೊಡುವವರಿದ್ದಾರೆ, ನಿಜ. ಆದರೆ ಗೂಗಲ್‌ನಂಥವರೇ 2019ರಲ್ಲಿ ಆ ಅಂಗಡಿಯಲ್ಲಿ ಹೊಸ ಲಿಂಕ್ ಕೊಡೋದು ನಿಲ್ಲಿಸಿದರಲ್ಲ! ಹಾಗಾಗಿ ನನ್ನದೇ ಡೊಮೇನಿನಲ್ಲಿ ಮಾಡಿಕೊಂಡೆ. ದೊಡ್ಡ ವಿದ್ಯೆಯೇನಲ್ಲ: ಒಂದು ಪಟ್ಟಿ, ಎಡಕ್ಕೆ ಮೂರಕ್ಷರ, ಬಲಕ್ಕೆ ಪೂರ್ತಿ ವಿಳಾಸ. ತಲೆ ಕೆಡಿಸಿಕೊಂಡಿದ್ದು ಅಕ್ಷರಗಳ ಬಗ್ಗೆ. ಸೊನ್ನೆ-ಓ, ಒಂದು-ಎಲ್ ನೋಡೋಕೆ ಒಂದೇ ಥರ, ನಾಲ್ಕನ್ನೂ ಕೈಬಿಟ್ಟೆ.

ಅಮ್ಮ ಈಗ ಅರಸೀಕೆರೆಯ ಚಿಕ್ಕಮ್ಮನಿಗೆ ಫೋನಿನಲ್ಲಿ ವಿಳಾಸ ಬಾಯಲ್ಲೇ ಹೇಳ್ತಾರೆ. ಡೊಮೇನಿಗೆ ವರ್ಷಾವರ್ಷ ದುಡ್ಡು ಕಟ್ಟೋದು ನನ್ನ ಪಾಲು.