ಮೆಟ್ಟಿಲು ಎಣಿಸಿದ ದಿನ

ಅಭ್ಯಾಸ ಬೋಧನೆಯಲ್ಲಿ ಒಂದು ಪಾಠವನ್ನಾದರೂ ತರಗತಿಯ ಹೊರಗೆ ಮಾಡಬೇಕು ಎಂದಿದ್ದರು. ನಾನು ನಂದಿಬೆಟ್ಟವನ್ನು ಆರಿಸಿಕೊಂಡೆ. ಎಂಟನೇ ತರಗತಿಯ 32 ಮಕ್ಕಳು, ಶಾಲೆಯ ಇಬ್ಬರು ಶಿಕ್ಷಕರು, ವೀಕ್ಷಣಾ ಪತ್ರ ಹಿಡಿದ ನಮ್ಮ ಮಾರ್ಗದರ್ಶಕರು. ಪಾಠ ಯೋಜನೆಯೇ 11 ಪುಟ! ಯಾವ ತಾಣದಲ್ಲಿ ಎಷ್ಟು ನಿಮಿಷ, ಯಾವ ಪ್ರಶ್ನೆ, ನಿರೀಕ್ಷಿತ ಉತ್ತರ ಏನು, ಎಲ್ಲವನ್ನೂ ಬರೆದಿದ್ದೆ. ‘ವಿಶ್ರಾಂತಿ, ಊಟ’ ಎಂಬ ಸಾಲಿನ ಮುಂದೆ ಮಾತ್ರ ಕಲಿಕಾ ಫಲದ ಕಲಂನಲ್ಲಿ ಅಡ್ಡಗೆರೆ ಎಳೆದಿದ್ದೆ.

ಬೆಳಿಗ್ಗೆ ಮೊದಲು ಬುಡದಲ್ಲಿರುವ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಒಂಬತ್ತನೇ ಶತಮಾನದಷ್ಟು ಹಳೆಯ ಗುಡಿಗೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಹೋದದ್ದನ್ನು ವಿವರಿಸಿದೆ. ಮಕ್ಕಳು ಬರೆದುಕೊಂಡರು. ಆದರೆ ಅವರ ಕಣ್ಣೆಲ್ಲ ಕಲ್ಯಾಣಿಯ ಮೇಲೆ. ಇನ್ನೂ ಹತ್ತು ನಿಮಿಷ ಅಲ್ಲಿ ಕೂರಲು ಬಿಡಬಹುದಿತ್ತು. ನಾನು ಗಡಿಯಾರ ನೋಡಿ ಎಬ್ಬಿಸಿದೆ.

ಸುಲ್ತಾನ್‌ಪೇಟೆಯಿಂದ ಬೆಟ್ಟಕ್ಕೆ ಹಳೆಯ ಮೆಟ್ಟಿಲು ದಾರಿಯಿದೆ. ನಾಲ್ಕು ಗುಂಪು ಮಾಡಿ, ಪ್ರತಿ ಗುಂಪೂ ಮೆಟ್ಟಿಲು ಎಣಿಸಬೇಕೆಂದೆ. ಒಂದು ಪ್ರವಾಸಿ ಕೈಪಿಡಿ ನೋಡಿ 1,175 ಎಂದು ಯೋಜನೆಯಲ್ಲಿ ಮೊದಲೇ ಬರೆದುಕೊಂಡಿದ್ದೆ. ಚಟುವಟಿಕೆಯ ನಿಜವಾದ ಉದ್ದೇಶ ಮಕ್ಕಳು ಗಲಾಟೆ ಮಾಡದೆ ಹತ್ತಲಿ ಎಂಬುದು. ಅದನ್ನು ಯೋಜನೆಯಲ್ಲಿ ಬರೆದಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳು ಅದನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡರು. ನಾಲ್ಕನೇ ಗುಂಪಿನ ಹುಡುಗನೊಬ್ಬ ಜೇಬಿನ ತುಂಬ ಹುಣಸೆಬೀಜ ತಂದಿದ್ದ. ನೂರು ಮೆಟ್ಟಿಲಾದಾಗಲೆಲ್ಲ ಒಂದು ಬೀಜ ಎಡ ಜೇಬಿನಿಂದ ಬಲ ಜೇಬಿಗೆ. ಮಂಜು ಸರಿದು ಕೆಳಗೆ ದ್ರಾಕ್ಷಿ ತೋಟಗಳು ಕಾಣಿಸಿದಾಗ ಎಲ್ಲರೂ ನಿಂತು ನೋಡಿದರು, ಅವನು ಬೆರಳು ಮಡಚಿಕೊಂಡೇ ನೋಡಿದ.

ಮೇಲೆ ಕೋಟೆಯ ಬಾಗಿಲು ಸೇರಿದಾಗ ಲೆಕ್ಕ ಕೇಳಿದೆ. 1,142, 1,171, 1,203, 1,218. ನಾನು ಹಾಳೆಯ ಮೇಲೆ ದಪ್ಪಕ್ಷರದಲ್ಲಿ 1,175 ಎಂದು ಬರೆದು, “ಎರಡನೇ ಗುಂಪು ತುಂಬಾ ಹತ್ತಿರ ಬಂದಿದೆ, ಚಪ್ಪಾಳೆ” ಎಂದೆ. ಚಪ್ಪಾಳೆಯ ಮಧ್ಯೆ ಆ ಹುಡುಗ ಕೇಳಿದ: “ಮೇಡಂ, ಉತ್ತರ ಮೊದಲೇ ಇತ್ತಾ? ಮತ್ತೆ ನಮ್ಮ ಕೈಲಿ ಯಾಕೆ ಎಣಿಸಿದ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. “ಆಮೇಲೆ ಮಾತಾಡೋಣ” ಎಂದೆ. ಅವನು ಬೀಜಗಳನ್ನೆಲ್ಲ ಗೋಡೆಯಾಚೆ ಎಸೆದ.

ಅಲ್ಲಿಂದ ಯೋಜನೆಯ ಪ್ರಕಾರವೇ ನಡೆದೆವು. 1791ರ ಅಕ್ಟೋಬರ್ 19ರ ರಾತ್ರಿ, ಮೂರನೇ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಹಿಡಿದುಕೊಂಡದ್ದನ್ನು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದುಕೊಳ್ಳುತ್ತೇನೆ. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಊಟಕ್ಕೆ ಅಮೃತ ಸರೋವರದ ಬಳಿ ಕುಳಿತೆವು. ಪುಳಿಯೋಗರೆ ಬಿಚ್ಚಿದರೂ ಆ ಹುಡುಗ ತಿನ್ನುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು, “ಹೇಗೆ ಎಣಿಸಿದೆ ಹೇಳು” ಎಂದೆ. ಮೊದಲು ಮಾತಾಡಲಿಲ್ಲ. ಆಮೇಲೆ, ಒಡೆದ ಕಲ್ಲುಗಳನ್ನು ಎರಡೆಂದು ಲೆಕ್ಕ ಹಾಕಿದೆ ಎಂದ. ಯಾಕೆ? “ಎರಡು ಸಲ ಕಾಲಿಡಬೇಕಲ್ಲ ಮೇಡಂ.” ಮೊದಲ ಗುಂಪಿನ ಹುಡುಗಿ ಅಲ್ಲಿಂದಲೇ, “ಅದು ಹೇಗಾಗುತ್ತೆ? ಕಟ್ಟಿದವರು ಒಂದೇ ಕಲ್ಲು ಇಟ್ಟಿದ್ದು” ಎಂದಳು. ಅವರ ಗುಂಪು ಬಂಡೆಯಲ್ಲೇ ಕಡಿದಂತಿದ್ದ ಮೆಟ್ಟಿಲುಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೆಟ್ಟಿಲೆಂದರೆ ಇಟ್ಟ ಕಲ್ಲೋ, ಕಾಲಿಡುವ ಜಾಗವೋ ಎಂದು ಜಗಳ ಹತ್ತಿಕೊಂಡಿತು. ತಟ್ಟೆಗಳು ಅರ್ಧದಲ್ಲೇ ನಿಂತವು.

ಆಗ ಯಾರೋ ಕೇಳಿದರು: “ಪುಸ್ತಕದವರು ಯಾವುದನ್ನು ಎಣಿಸಿದ್ರು ಮೇಡಂ?” ಕೈಪಿಡಿ ತೆಗೆದು ನೋಡಿದೆ. ಸಂಖ್ಯೆ ಇತ್ತು, ಎಣಿಸಿದವರ ಹೆಸರಾಗಲಿ ಕ್ರಮವಾಗಲಿ ಇರಲಿಲ್ಲ. ಹುಡುಗಿ ಬಿಡಲಿಲ್ಲ. “ಯುದ್ಧದ ಕಥೆ ಹೇಳಿದ್ರಲ್ಲ, ಅದನ್ನು ಬರೆದವರು ಯಾರು? ಕೋಟೆ ಒಳಗಿದ್ದವರಾ, ಹೊರಗಿದ್ದವರಾ?” ನನ್ನ ಟಿಪ್ಪಣಿಯಲ್ಲಿ ಇದ್ದದ್ದೆಲ್ಲ ದಾಳಿ ಮಾಡಿದವರ ಕಡೆಯ ವಿವರ. ಹಾಗೆಂದು ಒಪ್ಪಿಕೊಂಡೆ. ಬೆಳಿಗ್ಗೆಯಿಂದ ನಾನು ಕೇಳಲು ಕಾದಿದ್ದ ಪ್ರಶ್ನೆ ವಿಶ್ರಾಂತಿಯ ಹೊತ್ತಿನಲ್ಲಿ ಬಂದಿತ್ತು. ಮಾರ್ಗದರ್ಶಕರು ಸ್ವಲ್ಪ ದೂರದಲ್ಲಿ ಸೌತೆಕಾಯಿ ತಿನ್ನುತ್ತಿದ್ದರು. ವೀಕ್ಷಣಾ ಪತ್ರ ಚೀಲದೊಳಗಿತ್ತು.

ಆ ಹುಡುಗನಿಗೆ, “ನಿಮ್ಮ ಲೆಕ್ಕ ತಪ್ಪು ಅಂತ ಹೇಳಿದ ಹಾಗಾಯ್ತು. ಹಾಗೆ ಮಾಡಬಾರದಿತ್ತು” ಎಂದೆ. ಅವನು ಪುಳಿಯೋಗರೆ ಬಾಯಿಗಿಡುತ್ತಾ, “ಪರವಾಗಿಲ್ಲ ಮೇಡಂ, ಇಳೀವಾಗ ಎಣಿಸೋಣ” ಎಂದ.

ಯೋಗನಂದೀಶ್ವರ ಗುಡಿ ನೋಡಿದೆವು. ಕಬ್ಬನ್ ಕಟ್ಟಿಸಿದ ಮನೆಯ ಬಳಿ, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಈ ಬೆಟ್ಟಕ್ಕೆ ಬಂದು ತಂಗಿದ್ದರು ಎಂದೆ. “ಬರೀ ರೆಸ್ಟಿಗಾ?” ಎಂದು ಒಬ್ಬಳು ನಕ್ಕಳು. ಉಳಿದ ತಾಣಗಳನ್ನು ಬಿಟ್ಟೆ; ಹೊತ್ತಾಗಿತ್ತು.

ಇಳಿಯುವ ಮುನ್ನ ಮಕ್ಕಳೇ ನಿಯಮ ಮಾಡಿಕೊಂಡರು: ಒಡೆದದ್ದೂ ಒಂದೇ, ಬಂಡೆಯಲ್ಲಿ ಕಡಿದದ್ದೂ ಒಂದು. 32 ಮಂದಿ ಒಟ್ಟಾಗಿ ಕೂಗುತ್ತಾ ಇಳಿದರು. ಆರುನೂರು ದಾಟಿದ ಮೇಲೆ ಮಂಗವೊಂದು ಸಹಶಿಕ್ಷಕರ ಚೀಲಕ್ಕೆ ಕೈ ಹಾಕಿತು. ಕಿರುಚಾಟ, ಓಟ. ಚೀಲ ಸಿಕ್ಕಿತು, ಲೆಕ್ಕ ಹೋಯಿತು.

ವೀಕ್ಷಣಾ ಪತ್ರದಲ್ಲಿ ‘ಮೌಲ್ಯಮಾಪನ ಹಂತ ಅಪೂರ್ಣ’ ಎಂದಿದೆ. ಅಂಕ ಕಡಿಮೆಯೇ ಬಂತು, ತಕರಾರು ಮಾಡಲಿಲ್ಲ. ಪಾಠ ಯೋಜನೆಯ ಆ ಅಡ್ಡಗೆರೆಯ ಪಕ್ಕ ಮಕ್ಕಳ ಹಾಳೆಯನ್ನು ಅಂಟಿಸಿಟ್ಟಿದ್ದೇನೆ. ಅದರಲ್ಲಿ ನಾಲ್ಕು ಸಂಖ್ಯೆಗಳಿವೆ. ಐದನೆಯದಾಗಿ ಆ ಹುಡುಗನ ಅಕ್ಷರದಲ್ಲಿ ಹೀಗಿದೆ: ‘640, ಮಂಗ ಬಂತು.’