ಹುಸಿಪಣದ ಸಂಯಮ

ನಂಜನಗೂಡು ತಾಲ್ಲೂಕಿನ ನಮ್ಮ ಹದಿನಾರು ಗ್ರಾಮವನ್ನು ಚರಿತ್ರೆಯ ಗ್ರಂಥಗಳು ನೆನೆಯುವುದು ಒಂದು ವಿವಾಹದ ನಿಮಿತ್ತವಾಗಿ. ಆ ವಿವಾಹವಾದರೋ ಕೈಗೂಡಿದ್ದು ಒಂದು ಹುಸಿಯ ಬಲದಿಂದ. ಊರಿನ ಒಡೆಯನು ಮತಿಭ್ರಮಣೆಗೊಳಗಾಗಿ ಮನೆ ಬಿಟ್ಟು ಹೋಗಿದ್ದ ಸಮಯವನ್ನು ಸಾಧಿಸಿ ಕಾರುಗಹಳ್ಳಿಯ ಮಾರನಾಯಕನು ಅವನ ಮಗಳನ್ನು ತನಗೆ ಕೊಡಬೇಕೆಂದು ಬಲವಂತಪಡಿಸಿದನೆಂದೂ, ಅನ್ಯಗತಿಯಿಲ್ಲದ ಮನೆಯವರು ಒಪ್ಪಿದಂತೆ ತೋರಿಸಿಕೊಂಡು ಔತಣವನ್ನು ಅಣಿಮಾಡಿದರೆಂದೂ, ದ್ವಾರಕೆಯ ಕಡೆಯಿಂದ ಬಂದಿದ್ದ ಯದುರಾಯ ಕೃಷ್ಣರಾಯರೆಂಬ ಸೋದರರು ಆ ಮನೆಯಲ್ಲಿಯೇ ಅಡಗಿದ್ದು ನಾಯಕನನ್ನು ಕೊಂದರೆಂದೂ, ಕನ್ಯೆಯು ಯದುರಾಯನನ್ನು ವರಿಸಲಾಗಿ 1399ರಲ್ಲಿ ಮೈಸೂರು ಒಡೆಯರ ವಂಶವು ಮೊದಲಾಯಿತೆಂದೂ ಪ್ರತೀತಿ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಈ ವೃತ್ತಾಂತದ ಸಾರವನ್ನು ಬರೆದಿಟ್ಟಿದ್ದಾನೆ.

ಬಾಲ್ಯದಿಂದ ಕೇಳಿಕೊಂಡು ಬಂದ ಈ ಕಥೆಯನ್ನು ನಾನು ಹೊಸ ದೃಷ್ಟಿಯಿಂದ ಆಲೋಚಿಸುವಂತಾದುದು ಪೋಕರ್ ಎಂಬ ಇಸ್ಪೀಟಿನ ಆಟವನ್ನು ಕಲಿಯತೊಡಗಿದ ಮೇಲೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗನು ರಜೆಗೆ ಬಂದಾಗ, ಹಣದ ಸೋಂಕಿಲ್ಲದೆ ಬರಿಯ ಲೆಕ್ಕದ ಬಿಲ್ಲೆಗಳನ್ನಿಟ್ಟು ಆಡುವ ಆನ್‌ಲೈನ್ ಮೇಜೊಂದನ್ನು ಫೋನಿನಲ್ಲಿ ತೆರೆದು ತೋರಿಸಿದನು. ಪ್ರತಿಯೊಬ್ಬನ ಕೈಯಲ್ಲಿ ಎರಡೆರಡು ಎಲೆ, ಎಲ್ಲರಿಗೂ ಸಾಮಾನ್ಯವಾಗಿ ನಡುವೆ ಐದು ಎಲೆ. ಈ ಏಳರಲ್ಲಿ ಶ್ರೇಷ್ಠವಾದ ಐದನ್ನು ಕೂಡಿಸಿಕೊಂಡವನಿಗೆ ಪಣದ ರಾಶಿ ಸಲ್ಲುತ್ತದೆ, ಇಲ್ಲವೆ ಉಳಿದವರೆಲ್ಲರೂ ಎಲೆಯನ್ನು ಕೆಳಗಿಟ್ಟು ಹಿಂದೆಗೆಯುವಂತೆ ಮಾಡಿದವನಿಗೆ ಸಲ್ಲುತ್ತದೆ. ಈ ಎರಡನೆಯ ದಾರಿಯೇ ಬ್ಲಫ್. ಕೈಯಲ್ಲಿ ಬಲವಿಲ್ಲದೆ ಕಟ್ಟುವ ಹುಸಿಪಣ.

ಯುಗಾದಿಯ ಹೊತ್ತಿಗೆ ಜಗುಲಿಗಳ ಮೇಲೆ, ಅರಳಿಕಟ್ಟೆಯ ನೆರಳಿನಲ್ಲಿ ಇಸ್ಪೀಟು ಹರಡುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಮೂರೆಲೆಯಾಟದಲ್ಲಿ ಕೈಯಲ್ಲಿರುವ ಎಲೆಯನ್ನು ನೋಡದೆಯೇ ‘ಬ್ಲೈಂಡ್’ ಆಡಿ ಎದುರಾಳಿಗಳನ್ನು ಹೆದರಿಸುವವನನ್ನು ಗಂಡೆದೆಯವನೆಂದು ಕೊಂಡಾಡುವುದನ್ನು ಕೇಳಿ ಬೆಳೆದವರಿಗೆ, ಹುಸಿಯೆಂಬುದು ಧೈರ್ಯದ ಮತ್ತು ಮುಖಭಾವದ ವಿಷಯವೆಂಬ ಭಾವನೆ ಸಹಜವಾಗಿ ನೆಲೆಗೊಂಡಿರುತ್ತದೆ. “ಮಾವ, ಇದರಲ್ಲಿ ಎದುರಿಗಿರೋನ ಮುಖವೇ ಕಾಣ್ಸಲ್ಲ, ಧೈರ್ಯದ ಮಾತು ಬಿಡಿ, ಲೆಕ್ಕ ನೋಡಿ” ಎಂದು ಹುಡುಗನು ಹೇಳಿದ ಮಾತು ಆ ಭಾವನೆಯ ಬುಡಕ್ಕೇ ತಾಗಿತು. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ರಚಿಸಿದ ಲಿಬ್ರಾಟಸ್ ಎಂಬ ಗಣಕಕ್ರಮವು ನಾಲ್ವರು ನುರಿತ ಆಟಗಾರರೊಡನೆ 1,20,000 ಕೈಗಳನ್ನು ಆಡಿ ಗೆದ್ದಿತು. ಅದಕ್ಕೆ ಮುಖವಿಲ್ಲ, ಎದೆಯಿಲ್ಲ, ಭಯಲಜ್ಜೆಗಳಿಲ್ಲ. ಆದರೂ ಅದು ಎಲ್ಲರಿಗಿಂತ ಚೆನ್ನಾಗಿ ಹುಸಿಯಾಡಿತು.

ಹುಡುಗನು ಹೇಳಿದ ಆ ಲೆಕ್ಕವು ಸರಳವಾದದ್ದು. ನಡುವೆ ನೂರು ಬಿಲ್ಲೆಗಳ ರಾಶಿಯಿದೆಯೆನ್ನೋಣ. ಕೊನೆಯ ಎಲೆ ಬಿದ್ದ ಮೇಲೆ ನಾನು ಇನ್ನೂ ನೂರನ್ನು ಕಟ್ಟುತ್ತೇನೆ. ಎದುರಾಳಿಯು ಈಗ ನೂರನ್ನು ತೆತ್ತು, ಗೆದ್ದರೆ ಇನ್ನೂರನ್ನು ಪಡೆಯುವ ಆಸೆಯಿಂದ ನನ್ನನ್ನು ಪರೀಕ್ಷಿಸಬೇಕು. ಮೂರು ಸಲಕ್ಕೆ ಒಂದು ಸಲ ಮಾತ್ರ ನನ್ನದು ಹುಸಿಯಾಗಿದ್ದರೆ, ಅವನು ಎರಡು ಸಲ ನೂರು ನೂರನ್ನು ಕಳೆದುಕೊಂಡು ಒಂದು ಸಲ ಇನ್ನೂರನ್ನು ಗಳಿಸುತ್ತಾನೆ. ಪರೀಕ್ಷಿಸಿದರೂ ಒಂದೇ, ಹಿಂದೆಗೆದರೂ ಒಂದೇ ಎಂಬ ಸ್ಥಿತಿ ಅವನದಾಗುತ್ತದೆ. ಇದನ್ನೇ ಬಲ್ಲವರು ಸಮತೋಲನವೆನ್ನುವುದು. ಹುಸಿಯು ಈ ಪ್ರಮಾಣಕ್ಕಿಂತ ಕಡಮೆಯಾದರೆ ಎದುರಾಳಿ ಸದಾ ಹಿಂದೆಗೆಯುತ್ತಾನೆ, ನನ್ನ ಒಳ್ಳೆಯ ಎಲೆಗಳಿಗೆ ಬೆಲೆ ಹುಟ್ಟುವುದಿಲ್ಲ. ಹೆಚ್ಚಾದರೆ ಅವನು ಸದಾ ಪರೀಕ್ಷಿಸುತ್ತಾನೆ, ನನ್ನ ಹುಸಿಗಳೆಲ್ಲ ಅವನ ಪಾಲಿನ ಲಾಭವಾಗುತ್ತವೆ. ರಾಶಿಯ ಅರ್ಧದಷ್ಟನ್ನು ಮಾತ್ರ ಕಟ್ಟಿದಾಗ ಮೂರು ನಿಜಕ್ಕೆ ಒಂದು ಹುಸಿ. ರಾಶಿಯ ಎರಡರಷ್ಟನ್ನು ಕಟ್ಟಿದಾಗ ಮೂರು ನಿಜಕ್ಕೆ ಎರಡು ಹುಸಿ. ಪಣವು ದೊಡ್ಡದಾದಷ್ಟೂ ಹುಸಿಗೆ ಎಡೆ ಹೆಚ್ಚು. ಆದರೆ ಎಂತಹ ಪಣದಲ್ಲಿಯೂ ನಿಜದ ಪಾಲು ಅರ್ಧಕ್ಕಿಂತ ಕೆಳಗಿಳಿಯದು. ನಿಜವು ಬಹುಪಾಲಾಗಿರುವ ಕಡೆಯಲ್ಲಿ ಮಾತ್ರ ಹುಸಿಯು ಬದುಕಬಲ್ಲುದೆಂಬುದನ್ನು ಯಾವ ನೀತಿಗ್ರಂಥವೂ ಇಷ್ಟು ನಿಷ್ಕೃಷ್ಟವಾಗಿ ನನಗೆ ತೋರಿಸಿಕೊಟ್ಟಿರಲಿಲ್ಲ.

ಈ ತತ್ತ್ವದ ಮೂಲವು ಜೂಜಿನ ಕಟ್ಟೆಯಲ್ಲಿ ಅಲ್ಲ, ಗಣಿತಜ್ಞರ ಏಕಾಂತದಲ್ಲಿದೆ. ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಮೂಲಪ್ರಮೇಯವನ್ನು ಸಾಧಿಸಿ, 1944ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡನೆ ಬರೆದ ಮಹಾಗ್ರಂಥದಲ್ಲಿ ಪೋಕರಿನ ಹುಸಿಪಣವನ್ನೇ ಎತ್ತಿಕೊಂಡು ವಿವೇಚಿಸಿದನು. 1950ರಲ್ಲಿ ಹೆರಾಲ್ಡ್ ಕೂನ್ ಎಂಬವನು ಮೂರೇ ಎಲೆಗಳ ಒಂದು ಪುಟ್ಟ ಪೋಕರನ್ನು ರಚಿಸಿದನು. ರಾಜ, ರಾಣಿ, ಗುಲಾಮ ಎಂಬ ಮೂರು ಎಲೆ. ಇಬ್ಬರು ಆಟಗಾರರು ಒಂದೊಂದು ಬಿಲ್ಲೆಯನ್ನು ಮೊದಲೇ ಇಟ್ಟು ಒಂದೊಂದು ಎಲೆಯನ್ನು ಪಡೆಯುತ್ತಾರೆ, ಬೇಕೆನಿಸಿದವನು ಮತ್ತೊಂದು ಬಿಲ್ಲೆಯನ್ನು ಕಟ್ಟಬಹುದು. ನಮ್ಮ ಜಗುಲಿಯ ಮೇಲೆ ಇದನ್ನೇ ನಾವು ಮೊದಲು ಆಡಿ ನೋಡಿದೆವು. ಮೊದಲು ಆಡುವವನು ರಾಜನನ್ನು ಹಿಡಿದಾಗ ಎಷ್ಟು ಸಲ ಕಟ್ಟುವನೋ ಅದರ ಮೂರರಲ್ಲಿ ಒಂದು ಭಾಗದಷ್ಟು ಸಲ ಗುಲಾಮನನ್ನು ಹಿಡಿದೂ ಕಟ್ಟತಕ್ಕದ್ದು. ರಾಣಿಯನ್ನು ಹಿಡಿದು ಮೊದಲಿಗೇ ಕಟ್ಟತಕ್ಕದ್ದಲ್ಲ. ಗುಲಾಮನು ತೋರಿಸಿದರೆ ಎಂದಿಗೂ ಗೆಲ್ಲಲಾರನು, ಆದುದರಿಂದ ಹುಸಿಯ ಭಾರ ಅವನದು. ರಾಣಿಯು ಸುಮ್ಮನಿದ್ದರೂ ಒಮ್ಮೊಮ್ಮೆ ಗೆಲ್ಲಬಲ್ಲಳು, ಆದುದರಿಂದ ಅವಳನ್ನು ಹುಸಿಗೆ ಒಡ್ಡುವುದು ದುಂದು.

ದೊಡ್ಡ ಆಟದಲ್ಲಿಯೂ ವಿವೇಕವು ಇದೇ. ಐವತ್ತೆರಡು ಎಲೆಗಳಿಂದ ಕೈಗೆ ಬರಬಹುದಾದ ಜೋಡಿಗಳು 1,326. ಇವುಗಳಲ್ಲಿ ಯಾವುದರಿಂದ ಹುಸಿಯಾಡಬೇಕೆಂಬುದನ್ನು ಆ ಕ್ಷಣದ ಉತ್ಸಾಹಕ್ಕೆ ಬಿಡತಕ್ಕದ್ದಲ್ಲ. ತೋರಿಸಿದರೆ ಗೆಲ್ಲಲಾರದ, ಆದರೆ ಎದುರಾಳಿಯ ಕೈಯಲ್ಲಿ ಬಲವಾದ ಎಲೆ ಇರುವ ಸಂಭವವನ್ನು ತಗ್ಗಿಸುವ ಜೋಡಿಯನ್ನು ಆರಿಸಬೇಕು. ನಡುವೆ ಇಸ್ಪೀಟು ಬಣ್ಣದ ಮೂರು ಎಲೆಗಳು ಬಿದ್ದಿರುವಾಗ ಇಸ್ಪೀಟಿನ ಎಕ್ಕ ನನ್ನ ಕೈಯಲ್ಲಿದ್ದರೆ, ಆ ಬಣ್ಣದ ಅತ್ಯುನ್ನತ ಕೈ ಎದುರಾಳಿಗೆ ಒದಗಿರಲಾರದಷ್ಟೆ. ಇನ್ನು ಒಂದೇ ಜೋಡಿಯಿಂದ ಕೆಲವು ಸಲ ಆಡಬೇಕು, ಕೆಲವು ಸಲ ಬಿಡಬೇಕು ಎಂಬಲ್ಲಿ, ಮನಸ್ಸು ತನಗರಿವಿಲ್ಲದೆಯೇ ಒಂದು ಜಾಡನ್ನು ಹಿಡಿದುಬಿಡುವುದರಿಂದ, ಆಟಗಾರರು ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತಾರೆ: ಮುಳ್ಳು ಮೊದಲ ಇಪ್ಪತ್ತು ಸೆಕೆಂಡುಗಳಲ್ಲಿದ್ದರೆ ಹುಸಿ, ಇಲ್ಲವಾದರೆ ಇಲ್ಲ.

ಇಲ್ಲಿಯೇ ಈ ವಿದ್ಯೆಯ ಅಂತರಂಗವು ನನಗೆ ಗೋಚರವಾದದ್ದು. ವಂಚಕನು ತನ್ನ ಇಚ್ಛೆಯಂತೆ, ತನ್ನ ಲೋಭದ ಅಥವಾ ರೋಷದ ಒತ್ತಡದಲ್ಲಿ ಸುಳ್ಳನ್ನು ಹೂಡುತ್ತಾನೆ. ಸಮತೋಲನವನ್ನು ಬಲ್ಲ ಆಟಗಾರನಾದರೋ ಹುಸಿಯಾಡಬೇಕೆಂಬ ತನ್ನ ಇಚ್ಛೆಯನ್ನೇ ಲೆಕ್ಕದ ಅಧೀನಕ್ಕೆ ಒಪ್ಪಿಸಿಬಿಡುತ್ತಾನೆ. ಆಡಬೇಕೆಂಬ ಹಂಬಲವಿದ್ದಾಗ ಎಲೆಯನ್ನು ಕೆಳಗಿಡುವುದೂ, ಎದೆ ಹಿಂಜರಿದಾಗ ಕಟ್ಟುವುದೂ ಅವನಿಗೆ ಸಮಾನವಾದ ಕರ್ತವ್ಯಗಳು. ಅವನ ಹುಸಿ ಬಯಲಾದರೆ ಅವಮಾನವಿಲ್ಲ, ಏಕೆಂದರೆ ಮೂರರಲ್ಲಿ ಒಂದು ಹುಸಿಯೆಂಬುದು ಆಟದ ಒಡಂಬಡಿಕೆಯೊಳಗೇ ಇರುವ ಮಾತು. ಫಲಿಸಿದರೆ ಹೆಮ್ಮೆಯಿಲ್ಲ, ಏಕೆಂದರೆ ಗೆದ್ದದ್ದು ತಾನಲ್ಲ, ಪ್ರಮಾಣ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ತಾರೆಮರದ ಎಲೆಹಣ್ಣುಗಳ ಸಂಖ್ಯೆಯನ್ನು ಹೇಳಿ ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದೊಡನೆ, ಅವನ ದೇಹವನ್ನು ಹೊಕ್ಕಿದ್ದ ಕಲಿಪುರುಷನು ಹೊರಬಿದ್ದನೆಂದು ಇದೆ. ಜೂಜಿನಿಂದ ಕೆಟ್ಟವನನ್ನು ಬಿಡಿಸಿದ್ದು ಜೂಜಿನ ಸಂಖ್ಯಾಜ್ಞಾನವೆಂಬ ಈ ಮಾತನ್ನು ಬೃಹದಶ್ವನು ಹೇಳಿದ್ದು ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಕಾಡಿನಲ್ಲಿದ್ದ ಧರ್ಮರಾಯನಿಗೆ. ಮರುಳು ಹಿಡಿಯುವುದು ಆಟದ ಲೆಕ್ಕವನ್ನು ಅರಿಯದವನಿಗೆ.

ಹದಿನಾರಿನಲ್ಲಿ ಬೇರುಬಿಟ್ಟ ವಂಶದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟವನ್ನು ಕಂಡದ್ದೂ ವಿದ್ಯೆಯಾಗಿಯೇ. ಚದುರಂಗದಲ್ಲಿ ಕುದುರೆಯ ನಡೆಯನ್ನು ಬಂಧಗಳಾಗಿ ಹೆಣೆದ ಆ ಅರಸರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯೆಂಬ ಭಾಗದಲ್ಲಿ ಗಂಜೀಫ ಎಲೆಗಳ ಆಟಗಳನ್ನು ದೇವತಾಮೂರ್ತಿಗಳ ಚಿತ್ರಸಹಿತವಾಗಿ ನಿರೂಪಿಸಿಟ್ಟರು.

ಆದರೆ ಮದುವೆಮನೆಯ ಆ ಹುಸಿಯನ್ನು ಈ ತಕ್ಕಡಿಯಲ್ಲಿ ತೂಗಬಹುದೇ? ತೂಗಲಾಗದು. ಯದುರಾಯನು ಆಡಿದ್ದು ಒಂದೇ ಕೈ. ಎದುರಾಳಿಗೆ ಎರಡನೆಯ ಕೈ ಉಳಿಯಲೇ ಇಲ್ಲ. ಮರಳಿ ಆಡಲಿಕ್ಕಿಲ್ಲದ ಕಡೆ ಪ್ರಮಾಣದ ಮಾತೇ ಹುಟ್ಟುವುದಿಲ್ಲ. ಆಪತ್ತಿನಲ್ಲಿ ಸಿಲುಕಿದ ಹೆಣ್ಣನ್ನು ಕಾಯುವುದಕ್ಕೆಂದು ಹೂಡಿದ ಆ ಹೂಟವನ್ನು ಕಥೆ ಹೇಳುವವರು ಮೆಚ್ಚಿದ್ದಾರೆ, ನಾನೂ ಮೆಚ್ಚುತ್ತೇನೆ. ಆದರೆ ಮರುದಿನದಿಂದ ಅವನು ಅದೇ ಜನರ ನಡುವೆ ಆಳಬೇಕಾಯಿತು, ಮತ್ತು ಆಳಿಕೆಯೆಂಬುದು ಕೊಟ್ಟ ಮಾತಿನ ಮೇಲೆ ನಿಲ್ಲತಕ್ಕದ್ದು. ಕೆರೆಯ ನೀರಿನ ಸರದಿಯಿಂದ ಮೊದಲ್ಗೊಂಡು ಹೆಣ್ಣು ಕೊಟ್ಟು ತರುವವರೆಗೆ ಜನ್ಮವಿಡೀ ಅದೇ ಮುಖಗಳೊಡನೆ ವ್ಯವಹರಿಸುವ ಗ್ರಾಮಜೀವನದಲ್ಲಿ, ಹುಸಿಗೆ ಯಾರೂ ಮೂರರಲ್ಲಿ ಒಂದು ಪಾಲನ್ನು ಒಪ್ಪಿಕೊಟ್ಟಿಲ್ಲ. ಆಟದಲ್ಲಿ ಹುಸಿಯು ಎಲ್ಲರೂ ತಿಳಿದು ಕುಳಿತ ನಿಯಮ. ಬಾಳಿನಲ್ಲಿ ಅದು ಒಬ್ಬನು ತಿಳಿದು ಇನ್ನೊಬ್ಬನು ತಿಳಿಯದಿರುವ ಅನ್ಯಾಯ. ಈ ಭೇದವನ್ನು ಮರೆತವನು ಎಷ್ಟು ಚೆನ್ನಾಗಿ ಆಡಿದರೂ ಆ ವಿದ್ಯೆಯನ್ನು ಕಲಿತವನಲ್ಲ.

ಹಣದ ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ತಡೆಯಹೊರಟಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ವಿಧಿಗಳನ್ನು ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳೆಲ್ಲವನ್ನೂ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನಿನ ಚರ್ಚೆ ಹೇಗೇ ಇರಲಿ, ಈ ಲೆಕ್ಕವೇ ನಮಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ: ಎಲ್ಲರೂ ಸಮತೋಲನವಾಗಿ ಆಡುವ ಮೇಜಿನಲ್ಲಿ ಯಾರಿಗೂ ಲಾಭವಿಲ್ಲ, ಮೇಜನ್ನು ಇಟ್ಟವನು ಪ್ರತಿ ರಾಶಿಯಿಂದ ತನ್ನ ಪಾಲನ್ನು ತೆಗೆದುಕೊಳ್ಳುವುದರಿಂದ ಕಾಲಕ್ರಮದಲ್ಲಿ ಎಲ್ಲರಿಗೂ ನಷ್ಟ. ಆದಕಾರಣ ನಮ್ಮ ಊರುಗಳ ತರುಣರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಈ ವಿದ್ಯೆಯನ್ನು ಮನಸ್ಸಿಟ್ಟು ಕಲಿಯಿರಿ, ಬರಿಯ ಬಿಲ್ಲೆಗಳನ್ನಿಟ್ಟು ಆಡಿರಿ, ಮನಸ್ಸಿನ ಮೇಲೆ ಹಿಡಿತವನ್ನು ಸಂಪಾದಿಸಿರಿ, ಮನೆಯ ದುಡ್ಡನ್ನು ಮಾತ್ರ ಆ ಮೇಜಿಗೆ ಒಯ್ಯಬೇಡಿರಿ.